ಕೆಂಪುಗೀಟಮ್ಮನ ಹನ್ನೊಂದು ಎಂಜಿನ್ನುಗಳು

ವಿಮಾನದ ಎಂಜಿನ್ನು ರಿಪೇರಿ ಮಾಡುವ ಆ ಕಾರ್ಖಾನೆಯಲ್ಲಿ ಅವಳ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಬಿಟ್ಟರೆ ಇನ್ನೆಲ್ಲೂ ಬಳಕೆಯಲ್ಲಿರಲಿಲ್ಲ. ಗೇಟಿನ ಕಾವಲುಗಾರನಿಂದ ಹಿಡಿದು ಬಣ್ಣ ಬಳಿಯುವವರ ತನಕ ಎಲ್ಲರಿಗೂ ಅವಳು ಎದುರಿಗೆ ಮೇಡಂ, ಬೆನ್ನ ಹಿಂದೆ ಕೆಂಪುಗೀಟಮ್ಮ. ಬೆನ್ನ ಹಿಂದಿನ ಹೆಸರು ಅವಳಿಗೂ ಗೊತ್ತಿತ್ತು, ಒಳಗೊಳಗೇ ಇಷ್ಟವೂ ಆಗಿತ್ತು.

ಬಿಚ್ಚಿ, ತೊಳೆದು, ಸವೆದ ಭಾಗ ಬದಲಿಸಿ ಮತ್ತೆ ಜೋಡಿಸಿದ ಎಂಜಿನ್ನನ್ನು ಸೀದಾ ವಿಮಾನಕ್ಕೆ ಕಟ್ಟಿ ಕಳಿಸುವ ಹಾಗಿಲ್ಲ. ಮೊದಲು ಅದನ್ನು ಟೆಸ್ಟ್ ಸೆಲ್ ಎಂಬ ದಪ್ಪ ಗೋಡೆಯ ಕಾಂಕ್ರೀಟ್ ಕೋಣೆಯಲ್ಲಿ ತೂಗುಹಾಕಿ, ವಿಮಾನ ನೆಲ ಬಿಟ್ಟೇಳುವಾಗ ಎಷ್ಟು ಜೋರಾಗಿ ಓಡಬೇಕೋ ಅಷ್ಟು ಜೋರಾಗಿ ಓಡಿಸಿ ನೋಡಬೇಕು. ಆಗ ಅದರ ಹಿಂದಿನಿಂದ ಹೊರಬೀಳುವ ಗಾಳಿ ಎಷ್ಟು ಬಿಸಿ ಎನ್ನುವುದೇ ದೊಡ್ಡ ಪ್ರಶ್ನೆ. ಅದಕ್ಕೊಂದು ಮಿತಿಯಿದೆ, ಪರದೆಯ ಮೇಲೆ ಅದು ಕೆಂಪು ಗೀಟಾಗಿ ಕಾಣುತ್ತದೆ. ಅಲ್ಲಿಗೆ ಬರುತ್ತಿದ್ದ ಎಂಜಿನ್ನುಗಳಿಗೆ ಗೀಟು ಒಂಬೈನೂರ ಹದಿನೈದು ಡಿಗ್ರಿಯಲ್ಲಿತ್ತು. ಈಚೆ ನಿಂತರೆ ಪಾಸು. ದಾಟಿದರೆ ಮತ್ತೆ ಬಿಚ್ಚುವ ಮೇಜಿಗೆ ವಾಪಸ್ಸು. ಪಾಸಾದ ಎಂಜಿನ್ನಿನ ಕಾಗದಕ್ಕೆ ಬೀಳುವ ದುಂಡನೆಯ ಮುದ್ರೆ ಕೆಂಪುಗೀಟಮ್ಮನದು. ಸಣ್ಣ ಮರದ ಹಿಡಿಯ ಆ ಮುದ್ರೆಯನ್ನು ವಿಮಾನಗಳ ಸುರಕ್ಷತೆ ನೋಡಿಕೊಳ್ಳುವ ತನಿಖಾ ಇಲಾಖೆ ಅವಳಿಗೆ ಪರೀಕ್ಷೆಯ ಮೇಲೆ ಪರೀಕ್ಷೆ ಮಾಡಿ ಕೊಟ್ಟಿತ್ತು. ಅದಿಲ್ಲದೆ ಅವಳು ಟೆಸ್ಟ್ ಸೆಲ್ಲಿನ ಬಾಗಿಲಲ್ಲಿ ನಿಂತು ನೋಡಬಹುದಿತ್ತು, ಅಷ್ಟೆ.

ಎಣ್ಣೆಯ ತಟ್ಟೆ ಒರೆಸುವ ಕೆಲಸಕ್ಕೆ ಸೇರಿದವಳು ಅವಳು. ಆಗ ಸೆಲ್ ನೋಡಿಕೊಳ್ಳುತ್ತಿದ್ದ ಹಳೇ ಫೋರ್‌ಮನ್ನನ್ನು ಒಂದು ದಿನ ಧೈರ್ಯ ಮಾಡಿ ಕೇಳಿದ್ದಳು, ಬಿಸಿ ಒಂಬೈನೂರ ಹದಿನಾರಾದರೆ ಎಂಜಿನ್ನು ಸಿಡಿದುಹೋಗುತ್ತದೆಯೇ ಎಂದು. ಫೋರ್‌ಮನ್ ನಗಲಿಲ್ಲ.

"ಸಿಡಿಯಲ್ಲಮ್ಮ. ಈ ಜಾತಿ ಎಂಜಿನ್ನಿಗೆ ಸರ್ಟಿಫಿಕೇಟು ಕೊಡೋಕೆ ಮುಂಚೆ ಗೀಟಿನ ತನಕ ಗಂಟೆಗಟ್ಟಲೆ ಓಡಿಸಿ, ಆಮೇಲೆ ಪೂರ್ತಿ ಬಿಚ್ಚಿ, ಒಳಗಿನ ಒಂದೊಂದು ಪುಟ್ಟ ರೆಕ್ಕೆನೂ ಕಣ್ಣಲ್ಲಿ ಕಣ್ಣಿಟ್ಟು ನೋಡಿದಾರೆ. ಗೀಟಿನ ಈಚೆ ಏನಾಗುತ್ತೆ ಅಂತ ಕಂಡೋರಿದಾರೆ. ಆಚೆ ಕಂಡೋರು ಯಾರೂ ಇಲ್ಲ. ಕಾಣದೆ ಇರೋ ಕಡೆ ಜನಾನ ಕೂರಿಸಿ ಕಳಿಸಬಾರದು."

ಆ ಮಾತು ಅವಳ ತಲೆಯಲ್ಲಿ ಬೇರು ಬಿಟ್ಟಿತು. ಫೋರ್‌ಮನ್ ನಿವೃತ್ತನಾಗಿ ಕುರ್ಚಿ ಅವಳಿಗೆ ಬಂದ ಮೇಲೆ ಹತ್ತೊಂಬತ್ತು ವರ್ಷ ಅವಳು ಅದನ್ನೇ ಜಪ ಮಾಡಿದಳು. ಗೀಟಿನ ಮೇಲೆ ಅರ್ಧ ಡಿಗ್ರಿ ಹೋದರೂ ಫೇಲು. ಎಂಜಿನ್ನು ಓಡುವಾಗ ಪಕ್ಕದಲ್ಲಿ ಯಾರಾದರೂ ಬಿಸ್ಕತ್ತಿನ ಪೊಟ್ಟಣ ಬಿಚ್ಚಿದರೆ ಕಣ್ಣಲ್ಲೇ ಸುಟ್ಟುಬಿಡುತ್ತಿದ್ದಳು. ಸೆಲ್ಲಿನಲ್ಲಿ ಏನೇ ಬದಲಾದರೂ ಅದಕ್ಕೊಂದು ಬದಲಾವಣೆ ಫಾರಂ ತುಂಬಬೇಕೆಂಬುದು ನಿಯಮ. ತುಂಬಿದ ಮೇಲೆ, ಬಿಸಿ ಎಷ್ಟೆಂದು ಮೊದಲೇ ಕರಾರುವಾಕ್ಕಾಗಿ ಗೊತ್ತಿರುವ ಒಂದು ಎಂಜಿನ್ನನ್ನು ದೂರದಿಂದ ತರಿಸಿ, ಓಡಿಸಿ, ಸೆಲ್ಲಿನ ಅಳತೆ ಸರಿಯಿದೆಯೇ ಎಂದು ತಾಳೆ ನೋಡಬೇಕು. ಅದು ಐದಾರು ತಿಂಗಳ ಕೆಲಸ. ಒಮ್ಮೆ ಎಲೆಕ್ಟ್ರಿಷಿಯನ್ ಒಬ್ಬ ಗೋಡೆಯ ದೀಪವನ್ನು ಎರಡಡಿ ಆಚೆಗೆ ಸರಿಸಿದ್ದಕ್ಕೆ ಅವನ ಜನ್ಮ ಜಾಲಾಡಿ, ಫಾರಂ ತುಂಬಿಸಿಯೇ ಬಿಟ್ಟಿದ್ದಳು. ಅವನು ಆಮೇಲೆ ಅವಳ ಸೆಲ್ಲಿನ ಕಡೆ ತಲೆಹಾಕಿಯೂ ಮಲಗಲಿಲ್ಲ.

ಇನ್ನು ಅವಳ ಮೇಲಿನವರು. ಇಡೀ ಟೆಸ್ಟ್ ವಿಭಾಗದ ಮ್ಯಾನೇಜರು. ಇವರಿಗೆ ಕಾರ್ಖಾನೆ ಇಟ್ಟ ಹೆಸರು ಸಕ್ಕರೆ ಸಾಹೇಬರು. ಬೈಯುವುದೇ ಗೊತ್ತಿಲ್ಲದ ಮನುಷ್ಯ. ರಜೆ ಕೊಡುವುದಿಲ್ಲ ಎಂಬುದನ್ನೂ ಹೆಗಲ ಮೇಲೆ ಕೈಯಿಟ್ಟು, ಮನೆಯವರ ಆರೋಗ್ಯ ವಿಚಾರಿಸಿ, ಕೇಳಿದವನೇ ಥ್ಯಾಂಕ್ಸ್ ಹೇಳಿ ಹೋಗುವ ಹಾಗೆ ಹೇಳುತ್ತಿದ್ದರು. ಇಂಥವರನ್ನು ಕಂಡರೆ ಒಳ್ಳೆಯವರು ಎನ್ನುವ ಜನ ಬಹಳ. ಕೆಂಪುಗೀಟಮ್ಮನೂ ಹಾಗೇ ಅಂದುಕೊಂಡಿದ್ದಳು.

ಐವತ್ತು ದಾಟಿದ ಮೇಲೆ ಅವಳ ಮೈಯೇ ಅವಳ ಮಾತು ಕೇಳುವುದನ್ನು ಬಿಟ್ಟಿತು. ಕೂತಲ್ಲಿ ನಿಂತಲ್ಲಿ ಇದ್ದಕ್ಕಿದ್ದಂತೆ ಹೊಟ್ಟೆಯಿಂದ ಬಿಸಿ ಎದ್ದು, ಎದೆ, ಕತ್ತು, ಕಿವಿ ಎಲ್ಲ ಉರಿದು, ಬೆನ್ನು ಬೆವರಿನಲ್ಲಿ ತೊಯ್ದುಹೋಗುತ್ತಿತ್ತು. ಮುಟ್ಟು ನಿಲ್ಲುವ ಕಾಲದಲ್ಲಿ ಇದು ಸಹಜ ಎಂದು ಡಾಕ್ಟರು ಹೇಳಿದರು. ಸಹಜ ಎಂದರೆ ಸೆಕೆ ಕಡಿಮೆಯಾಗುತ್ತದೆಯೇ? ಕಂಟ್ರೋಲ್ ರೂಮಿಗೆ ಕಿಟಕಿಯಿಲ್ಲ, ಇರುವುದೊಂದು ಗಾಜಿನ ಗೋಡೆ, ಅದೂ ತೆರೆಯುವುದಲ್ಲ. ಟೇಬಲ್ ಫ್ಯಾನು ಬಿಸಿ ಗಾಳಿಯನ್ನೇ ತಿರುಗಿಸಿ ತಿರುಗಿಸಿ ಮುಖಕ್ಕೆ ಊದುತ್ತಿತ್ತು. ಏಸಿ ಬೇಕೆಂದು ಎರಡು ವರ್ಷ ಅರ್ಜಿ ಕೊಟ್ಟಳು. ಮೂರನೆಯ ಅರ್ಜಿಗೆ ಡಾಕ್ಟರ ಚೀಟಿ ಲಗತ್ತಿಸಿದಳು. ಗಂಡಸರ ಕೈಯಿಂದ ಕೈಗೆ ಆ ಚೀಟಿ ದಾಟುವುದನ್ನು ನೆನೆದು ಮುಜುಗರವಾದರೂ ಹಲ್ಲು ಕಚ್ಚಿ ಸಹಿಸಿದಳು.

ಒಂದು ಭಾನುವಾರ ಏಸಿ ಬಂತು. ಸೋಮವಾರ ಅವಳು ಬಾಗಿಲು ತೆಗೆದಾಗ ಕೋಣೆ ತಣ್ಣಗೆ ಕಾಯುತ್ತಿತ್ತು. ಸ್ವಿಚ್ಚಿನ ಪಕ್ಕದಲ್ಲಿ ಸಾಹೇಬರ ದುಂಡನೆಯ ಅಕ್ಷರದಲ್ಲಿ ಒಂದು ಚೀಟಿ: "ಟೆಸ್ಟ್ ನಡೆಯುವಾಗ ಏಸಿ ಆಫ್ ಮಾಡಬೇಡಿ." ತನ್ನ ಕಷ್ಟ ಅರ್ಥ ಮಾಡಿಕೊಂಡ ಮನುಷ್ಯ ಇಷ್ಟು ವರ್ಷದಲ್ಲಿ ಇವನೊಬ್ಬನೇ ಎಂದುಕೊಂಡಳು. ಮೇಲೆ ಹೋಗಿ ಎರಡೂ ಕೈ ಮುಗಿದು ಬಂದಳು. ಆ ಕೈ ಮುಗಿದದ್ದನ್ನು ನೆನೆದರೆ ಈಗಲೂ ಅವಳಿಗೆ ಮೈ ಪರಚಿಕೊಳ್ಳುವಂತಾಗುತ್ತದೆ.

ಆಮೇಲಿನ ಎಂಟು ತಿಂಗಳು ಸೆಲ್ಲಿಗೆ ಒಳ್ಳೆಯ ಕಾಲ. ಓಡಿಸಿದ ಹನ್ನೊಂದು ಎಂಜಿನ್ನುಗಳಲ್ಲಿ ಹನ್ನೊಂದೂ ಪಾಸು. ಹಿಂದೆ ಹತ್ತರಲ್ಲಿ ಮೂರಾದರೂ ವಾಪಸ್ಸು ಹೋಗುತ್ತಿದ್ದವು. ಬಿಚ್ಚುವ ಮೇಜಿನವರು ಕಾಲರ್ ಎತ್ತಿಕೊಂಡು ಓಡಾಡಿದರು. ಸಾಹೇಬರಿಗೆ ಮೇಲಿನಿಂದ ಹೊಗಳಿಕೆಯ ಪತ್ರ ಬಂತು, ಅವರು ಅದನ್ನು ಎಲ್ಲರಿಗೂ ಕೇಳುವ ಹಾಗೆ ಓದಿ, ಇದು ನಮ್ಮ ಮೇಡಂ ಅವರದು ಎಂದು ಚಪ್ಪಾಳೆ ಹೊಡೆಸಿದರು. ಅವಳು ನಾಚಿದಳು. ಕೈ ಪಳಗಿದೆ, ತಂಪಿನಲ್ಲಿ ತಲೆ ಚೆನ್ನಾಗಿ ಓಡುತ್ತಿದೆ ಎಂದು ತನ್ನನ್ನು ತಾನೇ ನಂಬಿಸಿಕೊಂಡಳು.

ಹನ್ನೆರಡನೆಯ ಎಂಜಿನ್ನು ಮಂಗಳವಾರ ಬೆಳಿಗ್ಗೆ ಓಡಿತು. ಒಂಬೈನೂರ ಏಳು. ಪಾಸು. ಆದರೆ ಒಂದು ಕೊಳವೆಯ ಕೊರಳಲ್ಲಿ ಎಣ್ಣೆ ಜಿನುಗುತ್ತಿತ್ತು. ಬಿಗಿ ಮಾಡಿ ಮತ್ತೆ ಓಡಿಸಬೇಕಾಯಿತು, ಅದು ಗುರುವಾರಕ್ಕೆ ಬಂತು. ಬುಧವಾರ ಏಸಿ ಕೆಟ್ಟುಹೋಗಿತ್ತು. ಗುರುವಾರ ಅವಳು ಹಳೆಯ ಫ್ಯಾನು ಹಾಕಿಕೊಂಡು, ಕತ್ತಿಗೆ ಒದ್ದೆ ಬಟ್ಟೆ ಸುತ್ತಿಕೊಂಡು ಎಂಜಿನ್ನನ್ನು ಜೋರಿಗೆ ಏರಿಸಿದಳು. ಬಿಸಿ ಏರಿತು, ಏರಿತು, ಗೀಟು ದಾಟಿ ಒಂಬೈನೂರ ಹತ್ತೊಂಬತ್ತಕ್ಕೆ ನಿಂತಿತು.

ಅದೇ ಎಂಜಿನ್ನು, ಎರಡೇ ದಿನದ ಅಂತರ, ಹನ್ನೆರಡು ಡಿಗ್ರಿ. ಅವಳು ತಂತಿ ತಂತಿಯನ್ನೂ ಪರೀಕ್ಷಿಸಿದಳು. ಎಲ್ಲ ನೆಟ್ಟಗಿತ್ತು. ಕೊನೆಗೆ ಹೊರಗಿನ ಗಾಳಿಯ ಲೆಕ್ಕದ ಮೇಲೆ ಅವಳ ಕಣ್ಣು ನಿಂತಿತು. ಬಿಸಿಲಿನ ದಿನ ಎಂಜಿನ್ನು ಹೆಚ್ಚು ಕಾಯುತ್ತದೆ, ಚಳಿಯ ದಿನ ಕಡಿಮೆ. ಅದಕ್ಕಾಗಿ ಒಳನುಗ್ಗುವ ಗಾಳಿಯ ಬಿಸಿಯನ್ನು ಅಳೆದು, ಬಂದ ಅಂಕಿಯನ್ನು ಹದಿನೈದು ಡಿಗ್ರಿಯ ದಿನಕ್ಕೆ ಇಳಿಸಿ ಲೆಕ್ಕ ಹಾಕುತ್ತಾರೆ. ಹೊರಗೋಡೆಯ ದೊಡ್ಡ ಜಾಲರಿಯ ಮೇಲೆ ಅಳೆಯುವ ಕಡ್ಡಿಯಿದೆ. ಅದು ಒಂದು ಡಿಗ್ರಿ ಹೆಚ್ಚು ತೋರಿಸಿದರೆ ಇವತ್ತು ಸೆಕೆ ಜಾಸ್ತಿ ಎಂದು ಲೆಕ್ಕ ನಂಬುತ್ತದೆ, ಎಂಜಿನ್ನಿನ ಬಿಸಿಯಿಂದ ನಾಲ್ಕು ಡಿಗ್ರಿ ಕಳೆದುಬಿಡುತ್ತದೆ. ಮೂರು ಹೆಚ್ಚು ತೋರಿಸಿದರೆ ಹನ್ನೆರಡು.

ಅವಳು ಕೈಯಲ್ಲಿ ಹಿಡಿಯುವ ಥರ್ಮಾಮೀಟರು ತೆಗೆದುಕೊಂಡು ಹೊರಗೆ ಹೋದಳು. ಕಡ್ಡಿ, ಕೈಯ ಥರ್ಮಾಮೀಟರು ಎರಡೂ ಒಂದೇ ಅಂಕಿ ಹೇಳಿದವು. ಜಾಲರಿಯ ಪಕ್ಕದಲ್ಲಿ ಏಸಿಯ ಹೊರಗಿನ ಪೆಟ್ಟಿಗೆ. ಮೆಕ್ಯಾನಿಕ್ ಏಣಿ ಹತ್ತಿ ಅದರ ಹೊಟ್ಟೆ ಬಗೆಯುತ್ತಿದ್ದ. ಸ್ವಲ್ಪ ಹೊತ್ತಿಗೆ ಪೆಟ್ಟಿಗೆ ಗುಂಯ್ಯೆಂದಿತು. ಅವಳ ಕೆನ್ನೆಗೆ ಬಿಸಿ ಗಾಳಿ ಬಡಿಯಿತು. ಕಡ್ಡಿ ನಿಧಾನವಾಗಿ ಒಂದು, ಎರಡು, ಮೂರು ಡಿಗ್ರಿ ಮೇಲಕ್ಕೆ ಹೋಗಿ ಅಲ್ಲೇ ಕೂತಿತು. ಜಾಲರಿಯ ಆಚೆ ತುದಿಗೆ ಹಿಡಿದರೆ ಕೈಯ ಥರ್ಮಾಮೀಟರು ಮಾತ್ರ ಹಳೆಯ ಅಂಕಿಯನ್ನೇ ಹೇಳಿತು.

"ಇದನ್ನ ಇಲ್ಲಿ ಯಾಕೆ ಕೂರಿಸಿದ್ರಿ?" ಎಂದಳು.

"ಪೈಪು ಹತ್ತಿರ ಆಗುತ್ತೆ ಅಂತ ಮೇಡಂ," ಎಂದ ಮೆಕ್ಯಾನಿಕ್. "ಎರಡು ತಿಂಗಳಾದ ಮೇಲೆ ಸರ್ವೀಸಿಗೆ ಬಂದಾಗ ನಾನೇ ಹೇಳಿದೆ, ಬಿಸಿ ಗಾಳಿ ಎಲ್ಲ ನಿಮ್ಮ ಜಾಲರಿಗೆ ಹೊಡೀತಿದೆ, ಮೂತಿ ಆ ಕಡೆ ತಿರುಗಿಸಿಬಿಡ್ತೀನಿ, ಅರ್ಧ ಗಂಟೆ ಕೆಲಸ ಅಂತ. ಸಾಹೇಬ್ರು ಬಂದು ನಿಂತು ನೋಡಿದ್ರು. ನಿಮ್ಮ ಹಾಗೇ ಒಂದು ಥರ್ಮಾಮೀಟರು ಹಿಡ್ಕೊಂಡಿದ್ರು. ಆಮೇಲೆ ಬೇಡಪ್ಪ, ಚೆನ್ನಾಗಿದೆ, ಹೀಗೇ ಇರಲಿ ಅಂದ್ರು. ಟೆಸ್ಟ್ ದಿನ ಮಾತ್ರ ಯಾವ ಕಾರಣಕ್ಕೂ ನಿಲ್ಲಬಾರದು, ಅಷ್ಟು ನೋಡ್ಕೋ ಅಂದ್ರು. ನಿಮ್ಮ ಮೇಲೆ ಬಹಳ ಕಾಳಜಿ ಅವರಿಗೆ."

ಅವಳು ಗೋಡೆ ಹಿಡಿದುಕೊಂಡಳು. ಚೀಟಿ, ಚಪ್ಪಾಳೆ, ಮೇಡಂ ಅವರದು ಎಂಬ ಮಾತು, ಎಲ್ಲ ಒಟ್ಟಿಗೆ ನೆನಪಿಗೆ ಬಂದವು. ಮೊದಲ ದಿನದ ಚೀಟಿ ಸೌಜನ್ಯದ್ದೇ ಇದ್ದೀತು, ಯಾರು ಬಲ್ಲರು. ಆದರೆ ಎರಡು ತಿಂಗಳ ನಂತರ ಈ ಮನುಷ್ಯ ಇಲ್ಲೇ ನಿಂತು, ಅಳೆದು, ತಿಳಿದು, ತನ್ನ ಸೆಕೆಯನ್ನೇ ಮುಂದಿಟ್ಟುಕೊಂಡು ಎಲ್ಲರ ಕಣ್ಣಿಗೆ ಮಣ್ಣೆರಚಿದ್ದ.

ಸಾಹೇಬರು ಅವಳನ್ನು ಕೂರಿಸಿ, ನೀರು ಕೊಟ್ಟು, ಪೂರ್ತಿ ಕೇಳಿಸಿಕೊಂಡರು. ಮುಖದ ನಗು ಒಂದು ಎಳೆಯೂ ಸಡಿಲಾಗಲಿಲ್ಲ.

"ಮೇಡಂ, ಎಂಟು ತಿಂಗಳಾಯ್ತು. ಯಾವುದಾದ್ರೂ ಎಂಜಿನ್ನಿಗೆ ಏನಾದ್ರೂ ಆಗಿದೆಯಾ?"

"ಆಗಿಲ್ಲ."

"ಮತ್ತೆ? ಆ ಗೀಟು ಹಾಕಿದೋರು ದಡ್ಡರಲ್ಲ. ಎಷ್ಟೋ ಜಾಗ ಬಿಟ್ಟೇ ಹಾಕಿರ್ತಾರೆ."

"ಆ ಜಾಗ ನಮಗೋಸ್ಕರ ಬಿಟ್ಟಿದ್ದಲ್ಲ ಸರ್. ಎಂಜಿನ್ನು ಹಾರ್ತಾ ಹಾರ್ತಾ ಸವೆಯುತ್ತೆ, ಸವೆದಷ್ಟೂ ಬಿಸಿ ಆಗುತ್ತೆ. ನಾವು ಇಲ್ಲಿಂದಲೇ ದಾಟಿಸಿ ಕಳಿಸಿದ್ರೆ ಅದಕ್ಕೆ ಸವೆಯೋಕೆ ಏನು ಉಳೀತು? ಹನ್ನೊಂದನ್ನೂ ವಾಪಸ್ ಕರೆಸಬೇಕು."

ಸಾಹೇಬರು ಕುರ್ಚಿಯನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡರು. ದನಿ ಇನ್ನಷ್ಟು ಇಳಿಯಿತು.

"ಕರೆಸಿದ್ರೆ ಇಲಾಖೆಯವರು ಏನು ಕೇಳ್ತಾರೆ ಹೇಳಿ. ಏಸಿ ಯಾರು ಕೇಳಿದ್ದು ಅಂತಾರೆ. ಅರ್ಜಿ ಮೇಲೆ ಯಾರ ಸಹಿ? ಬದಲಾವಣೆ ಫಾರಂ ತುಂಬಬೇಕಾದವರು ಯಾರು? ಸೆಲ್ ಇನ್‌ಚಾರ್ಜು. ಹನ್ನೊಂದು ಕಾಗದದ ಮೇಲೂ ಯಾರ ಮುದ್ರೆ? ನನ್ನ ಸಹಿ ಎಲ್ಲಾದ್ರೂ ಇದೆಯಾ ನೋಡಿ. ನಿಮ್ಮ ಆ ವಯಸ್ಸಿನ ತೊಂದರೆ ಬಗ್ಗೆ ನಾನು ಇವತ್ತಿನವರೆಗೂ ಯಾರ ಹತ್ತಿರಾನೂ ಬಾಯಿ ಬಿಟ್ಟಿಲ್ಲ ಮೇಡಂ. ಬಿಡೋ ಹಾಗೆ ಮಾಡಬೇಡಿ."

ಹೇಳಿ, ಅಭ್ಯಾಸದಂತೆ ಅವಳ ಹೆಗಲ ಮೇಲೆ ಕೈಯಿಟ್ಟರು. ಅವಳು ಎದ್ದು ಬಂದಳು. ಬಚ್ಚಲಿಗೆ ಹೋಗಿ ಅಂಗಿಯ ಮೇಲೆಯೇ ಆ ಹೆಗಲಿಗೆ ನೀರು ಸುರಿದುಕೊಂಡು ಉಜ್ಜಿದಳು. ಥೂ. ಇವನು ಒಂದು ಸಲ ಜೋರಾಗಿ ಬೈದಿದ್ದರೂ ಇಷ್ಟು ಹೇಸಿಗೆಯಾಗುತ್ತಿರಲಿಲ್ಲ.

ಅವಳ ಗಂಡ ಗಡಿಯಾರ ರಿಪೇರಿಯವನು. ಬೀದಿಗೆ ತೆರೆದುಕೊಂಡ ಮುಂದಿನ ಕೋಣೆಯಲ್ಲೇ ಅವನ ಮೇಜು. ಕಣ್ಣಿಗೆ ಭೂತಗಾಜು ಸಿಕ್ಕಿಸಿಕೊಂಡು ಕೂತವನು ಹೆಂಡತಿ ಒದ್ದೆ ಅಂಗಿಯಲ್ಲಿ ಒಳಗೆ ಬಂದದ್ದನ್ನು ನೋಡಿ ಚಿಮಟ ಕೆಳಗಿಟ್ಟ. ಅವಳು ಎಲ್ಲ ಹೇಳಿದಳು. ಸಾಹೇಬನನ್ನು ಬಾಯಿಗೆ ಬಂದ ಹಾಗೆ ಬೈದಳು. ಮದುವೆಯಾಗಿ ಇಪ್ಪತ್ತೇಳು ವರ್ಷದಲ್ಲಿ ಅವಳ ಬಾಯಲ್ಲಿ ಇಂಥ ಪದಗಳಿವೆ ಎಂದು ಅವನಿಗೆ ಗೊತ್ತಿರಲಿಲ್ಲ.

"ಆ ಫಾರಂ ಒಂದು ತುಂಬಿದ್ದಿದ್ರೆ ಇದೆಲ್ಲ ಆಗ್ತಿರಲಿಲ್ಲ ಅಲ್ವಾ?" ಎಂದ ಅವನು, ಎಲ್ಲ ಕೇಳಿದ ಮೇಲೆ.

"ಹೊಳೀಲೇ ಇಲ್ಲ ಕಣ್ರೀ."

ಅವನು ಭೂತಗಾಜು ತೆಗೆದ. "ನಿನಗಾ? ನಮ್ಮನೆ ಗಡಿಯಾರ ಒಂದು ನಿಮಿಷ ಮುಂದಿದ್ರೆ ಊಟಕ್ಕೆ ಕೂರದೆ ಇರೋಳು ನೀನು."

ಅವಳು ಒಳಗೆ ಹೋದಳು. ಅನ್ನ ಇಡಲು ಕುಕ್ಕರು ತೊಳೆದವಳು ಅದನ್ನೇ ಮೂರು ಸಲ ತೊಳೆದಳು. ಅವನೂ ಮತ್ತೆ ಕೇಳಲಿಲ್ಲ. ಮುದ್ರೆ ಹೋದರೆ ಇವಳು ಏನಾಗಿ ಉಳಿಯುತ್ತಾಳೆ ಎಂಬ ಯೋಚನೆಯೇ ಅವನಿಗೆ ಸಾಕಾಗಿತ್ತು.

ಮರುದಿನ ಅವಳು ತನಿಖಾ ಇಲಾಖೆಗೆ ಪತ್ರ ಬರೆದಳು. ಹನ್ನೊಂದು ಎಂಜಿನ್ನುಗಳ ನಂಬರು, ತಾರೀಖು, ತಾನು ಬರೆದ ಅಂಕಿ, ಅದಕ್ಕೆ ಹನ್ನೆರಡು ಕೂಡಿಸಿದ ಅಂಕಿ. ಮೆಕ್ಯಾನಿಕ್ ಹೇಳಿದ್ದನ್ನೂ ಬರೆದಳು. ಹತ್ತು ದಿನದಲ್ಲಿ ಎಂಜಿನ್ನುಗಳು ಒಂದೊಂದಾಗಿ ವಿಮಾನಗಳ ರೆಕ್ಕೆಯಿಂದ ಇಳಿದು ಬೇರೊಂದು ಕಾರ್ಖಾನೆಯ ಸೆಲ್ಲಿಗೆ ಹೋದವು. ಏಳು ಅಲ್ಲೂ ಗೀಟಿನ ಈಚೆಯೇ ನಿಂತವು. ನಾಲ್ಕು ದಾಟಿದವು. ಆ ನಾಲ್ಕರಲ್ಲಿ ಒಂದನ್ನು ಬಿಚ್ಚಿದಾಗ ಎಂಜಿನ್ನಿನೊಳಗೆ ಬಿಸಿ ಗಾಳಿ ಮೊದಲು ಬಡಿಯುವ ಸಾಲಿನ ಪುಟ್ಟ ರೆಕ್ಕೆಗಳ ಅಂಚು ಉಗುರು ಕಚ್ಚಿದ ಹಾಗೆ ಸುಟ್ಟು ಮೊಟಕಾಗಿತ್ತು. ತಿಂಗಳುಗಟ್ಟಲೆ ಅದನ್ನು ಕಟ್ಟಿದ ವಿಮಾನದಲ್ಲಿ ಜನ ಕೂತು, ಊಟ ಮಾಡಿ, ನಿದ್ದೆ ಹೋಗಿ, ಇಳಿದು ಹೋಗಿದ್ದರು.

ಕಾರ್ಖಾನೆಯಲ್ಲಿ ಅವಳನ್ನು ಯಾರೂ ಹೊಗಳಲಿಲ್ಲ. ಏಳು ಸರಿಯಾಗೇ ಇದ್ದವಲ್ಲ, ಸುಮ್ಮನೆ ರಂಪ ಮಾಡಿದಳು ಎಂದರು ಬಿಚ್ಚುವ ಮೇಜಿನವರು. ಸಕ್ಕರೆ ಸಾಹೇಬರು ಥರ್ಮಾಮೀಟರು ಹಿಡಿದಿದ್ದು ಕೋಣೆಯ ತಂಪು ನೋಡಲು ಎಂದು ಬರೆದುಕೊಟ್ಟರು. ಅವರನ್ನು ತರಬೇತಿ ವಿಭಾಗಕ್ಕೆ ಕಳಿಸಿದರು. ಹೊಸದಾಗಿ ಸೇರಿದವರಿಗೆ ಈಗ ಸುರಕ್ಷತೆಯ ಪಾಠ ಹೇಳುವುದು ಅವರೇ, ಬಹಳ ಚೆನ್ನಾಗಿ ಹೇಳುತ್ತಾರಂತೆ. ಅದನ್ನು ಕೇಳಿದ ದಿನ ಅವಳು ಕ್ಯಾಂಟೀನಿನಲ್ಲಿ ಬಾಯಿಗಿಟ್ಟ ತುತ್ತನ್ನು ಕರವಸ್ತ್ರಕ್ಕೆ ಉಗಿದು ಎದ್ದುಬಿಟ್ಟಳು.

ವಿಚಾರಣೆಯಲ್ಲಿ ಅವಳ ಸರದಿ ಬಂದದ್ದು ಕೊನೆಗೆ. ಇಲಾಖೆಯ ಮೂರನೇ ಮಹಡಿ, ಹಸಿರು ರೆಕ್ಸಿನ್ ಹೊದಿಸಿದ ಮೇಜು, ಅದರ ಆಚೆ ತೆಳ್ಳನೆಯ, ನಿದ್ದೆಗೆಟ್ಟ ಮುಖದ ತನಿಖಾಧಿಕಾರಿ. ಹನ್ನೊಂದು ಕಾಗದಗಳನ್ನೂ ಅವರು ಓದಿದ್ದರು. ಒಂದು ಸಲವೂ ದನಿ ಏರಿಸಲಿಲ್ಲ, ಬೆಣ್ಣೆಯನ್ನೂ ಹಚ್ಚಲಿಲ್ಲ. ಕಡ್ಡಿ ಎಲ್ಲಿದೆ, ಪೆಟ್ಟಿಗೆ ಎಷ್ಟು ದೂರ, ಮಂಗಳವಾರ ಎಷ್ಟು, ಗುರುವಾರ ಎಷ್ಟು ಎಂದು ಕೇಳಿ ಕೇಳಿ ಬರೆದುಕೊಂಡರು.

"ನೀವೇ ಕಂಡುಹಿಡಿದು ನೀವೇ ತಿಳಿಸಿದ್ದೀರಿ. ಇಲ್ಲದಿದ್ರೆ ನಮಗೆ ಗೊತ್ತೇ ಆಗ್ತಿರಲಿಲ್ಲ," ಎಂದರು. "ಅದನ್ನ ನಾನು ಮೊದಲ ಸಾಲಲ್ಲೇ ಬರೆದಿದೀನಿ. ಒಂದು ಮಾತ್ರ ಉಳಿದಿದೆ. ಏಸಿ ಹಾಕಿದಾಗ ಬದಲಾವಣೆ ಫಾರಂ ತುಂಬಿಲ್ಲ. ಇಲ್ಲಿ ಎರಡು ಚೌಕ ಇದೆ. ಒಂದು, ಅಜಾಗರೂಕತೆ. ಇನ್ನೊಂದು, ತಿಳಿದೂ ಮಾಡಿದ್ದು. ಮೊದಲನೇದಾದ್ರೆ ಒಂದು ಎಚ್ಚರಿಕೆ ಪತ್ರ, ಮುದ್ರೆ ನಿಮ್ಮ ಹತ್ತಿರಾನೇ ಇರುತ್ತೆ. ಎರಡನೇದಾದ್ರೆ ಮುದ್ರೆ ವಾಪಸ್ ತಗೋಬೇಕಾಗುತ್ತೆ, ಮತ್ತೆ ಕೊಡೋ ಹಾಗಿಲ್ಲ." ಹೇಳುತ್ತಲೇ ಅವರ ಪೆನ್ನು ಮೊದಲನೆಯ ಚೌಕದ ಮೇಲೆ ಹೋಗಿ ನಿಂತಿತ್ತು. "ಮರೆತುಹೋಯ್ತು, ಅಲ್ವಾ?"

ಅವಳಿಗೆ ಆ ಸೋಮವಾರ ಕಣ್ಣಿಗೆ ಕಟ್ಟಿತು. ತಣ್ಣನೆಯ ಕೋಣೆ. ಬೆವರು ಆರುತ್ತಿದ್ದ ಬೆನ್ನು. ಹೊರಗೆ ಹೋಗಿ ಪೆಟ್ಟಿಗೆ ಎಲ್ಲಿ ಕೂತಿದೆ ಎಂದು ನೋಡಿ ಬಂದದ್ದು. ಮೇಜಿನ ಎರಡನೆಯ ಡ್ರಾಯರು ಎಳೆದದ್ದು, ಒಳಗೆ ಬದಲಾವಣೆ ಫಾರಂಗಳ ಕಟ್ಟು. ಒಂದನ್ನು ಹೊರತೆಗೆದು ಮೇಜಿನ ಮೇಲಿಟ್ಟು, ಪೆನ್ನಿನ ಮುಚ್ಚಳ ತೆಗೆದದ್ದು. ತುಂಬಿದರೆ ತಾಳೆ ನೋಡುವವರೆಗೆ ಏಸಿಯನ್ನು ನಿಲ್ಲಿಸಿಡುತ್ತಾರೆ, ಇನ್ನಾರು ತಿಂಗಳು ಈ ಕೋಣೆಯಲ್ಲಿ ಮತ್ತೆ ಬೇಯಬೇಕು. ಫಾರಂ ಕಟ್ಟಿಗೆ ವಾಪಸ್ಸು ಹೋಗಿತ್ತು. ಡ್ರಾಯರು ಮುಚ್ಚಿತ್ತು. ಇಷ್ಟು ತಿಂಗಳು ಅವಳು ಸಾಹೇಬನಿಗೆ ಬೈದ ಒಂದೊಂದು ಬೈಗುಳದ ಅಡಿಯಲ್ಲೂ ಆ ಡ್ರಾಯರು ಇತ್ತು. ಅವನು ಅಳೆದು ತಿಳಿದುಕೊಂಡ. ಅವಳು ಅಳೆಯಲೂ ಹೋಗಲಿಲ್ಲ, ತಿಳಿದುಬಿಟ್ಟರೆ ಎಂಬ ಭಯಕ್ಕೆ. ಗಂಡನ ಮುಖ ನೋಡಿ ಹೊಳೀಲೇ ಇಲ್ಲ ಎಂದ ತನ್ನ ದನಿ ಈಗ ಕೇಳಿಸಿತು. ಸಾಹೇಬನ ದನಿಯಷ್ಟೇ ನಯವಾಗಿತ್ತು ಅದು. ಅವಳಿಗೆ ತನ್ನ ಬಾಯಿಯ ಬಗ್ಗೆಯೇ ಅಸಹ್ಯವಾಯಿತು.

ಅಧಿಕಾರಿಯ ಪೆನ್ನು ಚೌಕದೊಳಗೆ ಇಳಿಯುವುದರಲ್ಲಿತ್ತು.

"ಅದಲ್ಲ ಸರ್," ಎಂದಳು. "ಅದರ ಪಕ್ಕದ್ದು."

ಅವರು ತಲೆಯೆತ್ತಿ ನೋಡಿದರು. ಅವಳು ಕೈಚೀಲದಿಂದ ಮುದ್ರೆಯನ್ನು ತೆಗೆದು, ಅದರ ಮುಖಕ್ಕೆ ಅಂಟಿದ್ದ ಶಾಯಿಯನ್ನು ಸೆರಗಿನ ತುದಿಯಿಂದ ಒರೆಸಿ, ಮೇಜಿನ ಮೇಲಿಟ್ಟಳು.